ಕಲ್ಲು ಒಡೆಯುವವನ ಜೀವಕ್ಕೆ ಕಂತೆಷ್ಟು?

ದಖ್ಖನ್ನಿನ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ, ಛತ್ರಗಳಲ್ಲಿ ಕಾಲಿಗೆ ತಣ್ಣಗೆ ತಾಗುವ ಬೂದು ಬಣ್ಣದ ಹಾಸುಗಲ್ಲಿಗೆ ಇರುವುದು ಒಂದೇ ಹೆಸರು: ಶಹಾಬಾದ್ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತಿನ ನೆಲದಡಿ ಪದರ ಪದರವಾಗಿ ಮಲಗಿರುವ ಸುಣ್ಣಕಲ್ಲು ಇದು. ನೆಲಕ್ಕೆ ಹಾಸಿದರೆ ಫರ್ಸಿ, ಗೂಡಿಗೆ ಹಾಕಿದರೆ ಸಿಮೆಂಟು. ಈ ಸೀಮೆಯ ಸಾವಿರಾರು ಸಂಸಾರಗಳು ಒಂದಲ್ಲ ಒಂದು ರೀತಿಯಲ್ಲಿ ಈ ಕಲ್ಲನ್ನೇ ನಂಬಿವೆ. ಖಣಿಯಲ್ಲಿ ಸಿಡಿಮದ್ದು ಇಡುವವರು, ಬಿಸಿಲಲ್ಲಿ ಕೂತು ಕಲ್ಲು ಸೀಳುವವರು, ಪಾಲಿಶ್ ಯಂತ್ರದ ಮುಂದೆ ನಿಲ್ಲುವವರು, ಸಿಮೆಂಟಿನ ಗೂಡಿನ ಬಳಿ ಪಾಳಿ ಮಾಡುವವರು, ಲಾರಿ ಹೊಡೆಯುವವರು ಎಲ್ಲರೂ ಇದರಲ್ಲಿ ಸೇರುತ್ತಾರೆ.

ಇವರಲ್ಲೊಬ್ಬರು ಜೀವವಿಮೆ ಮಾಡಿಸಲು ಹೋದರೆ ಎದುರಾಗುವ ಪ್ರಶ್ನೆಗಳು ಮುಖ್ಯವಾಗಿ ಎರಡು. ನಿಮ್ಮ ಮೈಯಲ್ಲಿ ಏನಾದರೂ ಕಾಯಿಲೆ ಇದೆಯೇ? ನೀವು ಮಾಡುವ ಕೆಲಸ ಯಾವುದು? ಕೇಳಲು ಸರಳವಾದ ಈ ಪ್ರಶ್ನೆಗಳ ಉತ್ತರದ ಮೇಲೆ ವಿಮೆ ಸಿಗುತ್ತದೆಯೋ ಇಲ್ಲವೋ, ಸಿಕ್ಕರೆ ಕಂತು ಎಷ್ಟು ಎಂಬುದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದೊಂದು ದಿನ ಮನೆಯ ಯಜಮಾನ ಇಲ್ಲವಾದಾಗ ಹೆಂಡತಿ ಮಕ್ಕಳ ಕೈಗೆ ಹಣ ಬರುತ್ತದೆಯೋ ಇಲ್ಲವೋ ಎಂಬುದೂ ಇದರ ಮೇಲೆಯೇ ನಿಂತಿದೆ. ಈ ಪ್ರಶ್ನೆಗಳಿಗೆ ಎರಡು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಯಾರ ಜೀವವನ್ನು ನಂಬಬಹುದು, ಯಾರದನ್ನು ನಂಬಲಾಗದು ಎಂಬ ಲೆಕ್ಕಾಚಾರ ಕಾಲಕಾಲಕ್ಕೆ ಬದಲಾಗುತ್ತ ಬಂದ ಕಥೆ ಅದು.

ಬಣ್ಣ ನೋಡಿ ಬೆಲೆ

ಭಾರತದಲ್ಲಿ ಮೊದಲ ಜೀವವಿಮಾ ಕಂಪನಿ, ಓರಿಯಂಟಲ್ ಲೈಫ್ ಇನ್ಶೂರೆನ್ಸ್, ಕಲ್ಕತ್ತೆಯಲ್ಲಿ ಆರಂಭವಾದದ್ದು 1818ರಲ್ಲಿ. ಇಲ್ಲಿ ನೆಲೆಸಿದ್ದ ಯುರೋಪಿಯನ್ನರ ಅನುಕೂಲಕ್ಕೆ ಹುಟ್ಟಿದ ಕಂಪನಿ ಅದು. ಅಂದಿನ ವಿದೇಶಿ ಕಂಪನಿಗಳಿಗೆ ಭಾರತೀಯರ ಜೀವವೆಂದರೆ ಎರಡನೆಯ ದರ್ಜೆಯ ಸರಕು. ಬಾಬು ಮುತ್ತಿಲಾಲ್ ಸೀಲ್ ಅವರಂಥ ಗಣ್ಯರ ಪ್ರಯತ್ನದಿಂದ ಭಾರತೀಯರಿಗೂ ವಿಮೆ ಸಿಗತೊಡಗಿತಾದರೂ, ಅವರ ಕಂತಿನ ಮೇಲೆ ಭಾರೀ ಹೆಚ್ಚುವರಿ ಹೇರಲಾಗುತ್ತಿತ್ತು. ವ್ಯಕ್ತಿ ಗಟ್ಟಿಮುಟ್ಟಾಗಿದ್ದಾನೆಯೇ, ಅಪ್ಪ ಅಜ್ಜ ಎಷ್ಟು ವರ್ಷ ಬಾಳಿದರು ಎಂಬುದಕ್ಕಿಂತ ಮೊದಲು ಅವನು ಭಾರತೀಯ ಎಂಬುದೇ ಒಂದು ಅಪಾಯವೆಂದು ಲೆಕ್ಕಕ್ಕೆ ಬರುತ್ತಿತ್ತು.

ಈ ತಾರತಮ್ಯವನ್ನು ಮುರಿದದ್ದು ಬಾಂಬೆ ಮ್ಯೂಚುವಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ. 1870ರಲ್ಲಿ ಹುಟ್ಟಿದ ಈ ಸಂಸ್ಥೆ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. ನಾಲ್ಕು ವರ್ಷಗಳ ಬಳಿಕ, 1874ರಲ್ಲಿ, ಓರಿಯಂಟಲ್ ಗವರ್ನಮೆಂಟ್ ಸೆಕ್ಯುರಿಟಿ ಲೈಫ್ ಅಶ್ಯೂರೆನ್ಸ್ ಕಂಪನಿ ಮುಂಬಯಿಯಲ್ಲಿ ಬಾಗಿಲು ತೆರೆಯಿತು. ಅದೇ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಮುಂಬಯಿಯಿಂದ ರಾಯಚೂರಿನತ್ತ ಹೋಗುವ ಹಳಿಗೆ ಹೈದರಾಬಾದನ್ನು ಜೋಡಿಸಿದ ವಾಡಿ ಒಂದು ದೊಡ್ಡ ಜಂಕ್ಷನ್ ಆಯಿತು. ಚಿತ್ತಾಪುರ, ಸೇಡಂ ಕಡೆಯ ತೊಗರಿ, ಕಲ್ಲು ದೂರದ ಪೇಟೆ ಕಾಣಲು ಈ ಹಳಿಯೇ ದಾರಿಯಾಯಿತು.

ಆದರೆ ರೈಲು ಬಂದಷ್ಟು ಬೇಗ ವಿಮೆ ಈ ಊರುಗಳಿಗೆ ಬರಲಿಲ್ಲ. ಅದು ಮೊದಲು ಹಿಡಿದದ್ದು ಸರಕಾರಿ ನೌಕರರ ಕೈಯನ್ನು. ಅಂಚೆ ನೌಕರರಿಗಾಗಿ 1884ರಲ್ಲಿ ಅಂಚೆ ಜೀವವಿಮೆ ಶುರುವಾಯಿತು. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸರಕಾರಿ ವಿಮಾ ಇಲಾಖೆ ಹುಟ್ಟಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಅಲ್ಲಿ ಸರಕಾರಿ ನೌಕರರ ವಿಮೆಯ ಏರ್ಪಾಡು 1907ರಲ್ಲಿ ಆರಂಭವಾಯಿತು. ತಹಶೀಲ್ ಕಚೇರಿಯ ಗುಮಾಸ್ತನ ಜೀವಕ್ಕೆ ಹೀಗೆ ಒಂದು ಬೆಲೆ ಗೊತ್ತಾಯಿತು. ಅದೇ ಕಚೇರಿಯ ನೆಲಕ್ಕೆ ಕಲ್ಲು ಹಾಸಿದವನ ಜೀವ ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ.

ಸಾವಿನ ಗಣಿತ

ಯಾರು ಯಾವಾಗ ಸಾಯುತ್ತಾರೆಂದು ಹೇಳಲು ಯಾವ ವಿಮಾ ಕಂಪನಿಗೂ ಸಾಧ್ಯವಿಲ್ಲ. ಆದರೆ ಒಂದೇ ವಯಸ್ಸಿನ ಸಾವಿರ ಜನರಲ್ಲಿ ಒಂದು ವರ್ಷದೊಳಗೆ ಸುಮಾರು ಎಷ್ಟು ಮಂದಿ ತೀರಿಕೊಳ್ಳಬಹುದು ಎಂದು ಲೆಕ್ಕ ಹಾಕಬಹುದು. ಧೂಮಕೇತುವಿಗೆ ತನ್ನ ಹೆಸರು ಕೊಟ್ಟ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆ ಹಿಡಿದು ಇಂಥ ಒಂದು ಕೋಷ್ಟಕ ತಯಾರಿಸಿದ. ವಯಸ್ಸಿಗೆ ತಕ್ಕ ಕಂತು ಎಂಬ ನಿಯಮವನ್ನು ವ್ಯವಸ್ಥಿತವಾಗಿ ಜಾರಿಗೆ ತಂದದ್ದು ಲಂಡನ್ನಿನಲ್ಲಿ 1762ರಲ್ಲಿ ಹುಟ್ಟಿದ ಇಕ್ವಿಟಬಲ್ ಸೊಸೈಟಿ. ಅಲ್ಲಿ ವಿಮೆ ಬಯಸಿದವರು ನಿರ್ದೇಶಕರ ಮುಂದೆ ಖುದ್ದಾಗಿ ಹಾಜರಾಗಬೇಕಿತ್ತು. ಸಿಡುಬು ಬಂದು ಹೋಗಿದೆಯೇ ಎಂಬುದು ಅಂದಿನ ದೊಡ್ಡ ಪ್ರಶ್ನೆ. ಬಂದು ಹೋಗಿದ್ದರೆ ಒಳ್ಳೆಯದು, ಮತ್ತೆ ಬರುವ ಭಯವಿಲ್ಲ. ಬಾರದವನೇ ಅಪಾಯದ ಗಿರಾಕಿ!

ರೋಗವಿದ್ದವರನ್ನು ಬಹುಕಾಲ ಕಂಪನಿಗಳು ಸಾರಾಸಗಟಾಗಿ ತಿರುಗಿಸಿ ಕಳಿಸುತ್ತಿದ್ದವು. ಪೂರ್ತಿ ಆರೋಗ್ಯವಂತರಲ್ಲದವರಿಗೂ ಹೆಚ್ಚು ಕಂತಿನ ಮೇಲೆ ವಿಮೆ ಕೊಡಬಹುದೆಂದು ತೋರಿಸಿದವರಲ್ಲಿ 1824ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಕ್ಲೆರಿಕಲ್ ಮೆಡಿಕಲ್ ಸೊಸೈಟಿ ಮೊದಲ ಸಾಲಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ಲೈಫ್ ಕಂಪನಿಯ ವೈದ್ಯ ಆಸ್ಕರ್ ರೋಜರ್ಸ್ ಮತ್ತು ವಿಮಾ ಗಣಿತಜ್ಞ ಆರ್ಥರ್ ಹಂಟರ್ ಇದನ್ನೊಂದು ಅಂಕಪದ್ಧತಿಯಾಗಿ ರೂಪಿಸಿದರು. ಇಂದಿಗೂ ಜಗತ್ತಿನ ವಿಮಾ ಕಚೇರಿಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ ಲೆಕ್ಕ.

ಸಾಮಾನ್ಯ ಆರೋಗ್ಯವಂತನಿಗೆ 100 ಅಂಕ ಎಂದಿಟ್ಟುಕೊಳ್ಳಿ. ಸೇಡಮ್ಮಿನ 42 ವರ್ಷದ ಒಬ್ಬ ತೊಗರಿ ವ್ಯಾಪಾರಿ ಅರ್ಜಿ ಹಾಕಿದ್ದಾರೆ. ಎತ್ತರಕ್ಕೆ ತಕ್ಕುದಕ್ಕಿಂತ ತೂಕ ಜಾಸ್ತಿ. 25 ಅಂಕ ಕೂಡಿತು. ರಕ್ತದೊತ್ತಡ ಸ್ವಲ್ಪ ಮೇಲಿದೆ, ಇನ್ನೊಂದು 40. ತಂದೆ ತಾಯಿ ಇಬ್ಬರೂ 75 ದಾಟಿ ಗಟ್ಟಿಯಾಗಿದ್ದಾರೆ, 10 ಕಳೆಯಿತು. ಒಟ್ಟು 155. ಅಂದರೆ ಆರೋಗ್ಯವಂತರ ಗುಂಪಿನಲ್ಲಿ 100 ಸಾವು ಆಗುವಲ್ಲಿ ಇವರಂಥವರ ಗುಂಪಿನಲ್ಲಿ 155 ಆಗಬಹುದೆಂಬ ಅಂದಾಜು. ಅಂಕಿಗಳು ಇಲ್ಲಿ ತಿಳಿವಳಿಕೆಗಾಗಿ ಹೇಳಿದಂಥವು, ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಇರುತ್ತವೆ. ಆದರೆ ತತ್ವ ಇಷ್ಟೇ: ಅಂಕ ಏರಿದಂತೆ ಕಂತು ಏರುತ್ತದೆ. ಒಂದು ಮಿತಿ ದಾಟಿದರೆ ವಿಮೆ ಸಿಗುವುದಿಲ್ಲ.

ಹೀಗಾಗಿ ಅರ್ಜಿಗೆ ಬರುವ ಉತ್ತರ ಬರೀ ಹೌದು, ಇಲ್ಲ ಎಂದಿರುವುದಿಲ್ಲ. ಸಾಮಾನ್ಯ ದರದಲ್ಲಿ ಒಪ್ಪಿಗೆ, ಹೆಚ್ಚುವರಿ ಕಂತಿನ ಮೇಲೆ ಒಪ್ಪಿಗೆ, ಮೊದಲ ಕೆಲವು ವರ್ಷ ಪೂರ್ತಿ ಹಣದ ಬದಲು ಒಂದು ಭಾಗ ಮಾತ್ರ ಕೊಡುವ ಷರತ್ತು, ಆರು ತಿಂಗಳೋ ವರ್ಷವೋ ಕಳೆದು ಬನ್ನಿ ಎಂಬ ಮುಂದೂಡಿಕೆ, ಕೊನೆಗೆ ನಿರಾಕರಣೆ ಎಂದು ಐದು ದಾರಿಗಳಿವೆ. ಕಾಯಿಲೆ ಹೇಳಿದರೆ ವಿಮೆಯೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ನಡುವೆ ಇಷ್ಟು ದಾರಿಗಳಿರುವುದು ಅವರಿಗೆ ಗೊತ್ತಿರುವುದಿಲ್ಲ.

ಎರಡು ತಿಂಗಳಲ್ಲಿ ಎರಡು ಬದಲಾವಣೆ

ಈ ಸೀಮೆಯ ಮಟ್ಟಿಗೆ 1956 ಮರೆಯಲಾಗದ ವರ್ಷ. ಆ ವರ್ಷ ಸೆಪ್ಟೆಂಬರ್ 1ರಂದು ದೇಶದ 245 ಖಾಸಗಿ ವಿಮಾ ಕಂಪನಿ ಮತ್ತು ಸೊಸೈಟಿಗಳ ವ್ಯವಹಾರವನ್ನು ಒಟ್ಟುಗೂಡಿಸಿ ಭಾರತೀಯ ಜೀವ ವಿಮಾ ನಿಗಮ ಅಸ್ತಿತ್ವಕ್ಕೆ ಬಂತು. ಸರಿಯಾಗಿ ಎರಡು ತಿಂಗಳ ಬಳಿಕ, ನವೆಂಬರ್ 1ರಂದು, ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ವಿಮೆಯನ್ನು ನಗರಗಳಿಂದ ಹಳ್ಳಿಗಳಿಗೆ ಒಯ್ಯುವುದು ರಾಷ್ಟ್ರೀಕರಣದ ಘೋಷಿತ ಗುರಿಗಳಲ್ಲಿ ಒಂದಾಗಿತ್ತು.

ಗುರಿ ದೊಡ್ಡದು, ದಾರಿ ಉದ್ದ. ಹಳ್ಳಿಯಲ್ಲಿ ಏಜೆಂಟ್ ಅರ್ಜಿ ತುಂಬಿಸಬೇಕು. ನಿಗಮ ಒಪ್ಪಿದ ಡಾಕ್ಟರು ಎತ್ತರ, ತೂಕ, ಎದೆಯ ಸುತ್ತಳತೆ, ನಾಡಿ, ರಕ್ತದೊತ್ತಡ, ಮೂತ್ರ ನೋಡಿ ವರದಿ ಬರೆಯಬೇಕು. ಏಜೆಂಟ್ ತಾನು ಕಂಡಂತೆ ಗುಟ್ಟಿನ ವರದಿಯೊಂದನ್ನು ಬೇರೆ ಕೊಡಬೇಕು. ಮೊತ್ತ ದೊಡ್ಡದಿದ್ದರೆ ಅಥವಾ ಆರೋಗ್ಯದಲ್ಲಿ ಏರುಪೇರು ಕಂಡರೆ ಕಡತ ಶಾಖೆಯಲ್ಲಿ ನಿಲ್ಲದೆ ಮೇಲಿನ ಕಚೇರಿಗೆ ಪ್ರಯಾಣ ಬೆಳೆಸುತ್ತಿತ್ತು. ಇಸಿಜಿ, ಎಕ್ಸ್‌ರೇ ಕೇಳಿದರಂತೂ ತಾಂಡಾದಿಂದ ಬಂದವರು ದೊಡ್ಡ ಊರಿನ ದಾರಿ ಹಿಡಿಯಬೇಕು, ಒಂದು ದಿನದ ಕೂಲಿ ಬಿಡಬೇಕು.

ರೋಗಕ್ಕಿಂತ ಮೊದಲು ಅಡ್ಡ ಬರುತ್ತಿದ್ದದ್ದು ವಯಸ್ಸು. ವಿಮೆಯ ಕಂತು ನಿಂತಿರುವುದೇ ವಯಸ್ಸಿನ ಮೇಲೆ. ಆದರೆ ಜನನ ಮರಣ ನೋಂದಣಿಯ ಕೇಂದ್ರ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನವರ ಹುಟ್ಟಿಗೆ ಈ ಭಾಗದಲ್ಲಿ ಸಾಕ್ಷಿ ಎಂದರೆ ಮನೆಯ ಹಿರಿಯರ ನೆನಪು. ‘ರಜಾಕಾರ ಗದ್ದಲದಾಗ ಹುಟ್ಟಿದ್ದು’ ಎಂದರೆ 1948ರ ಆಸುಪಾಸು ಎಂದು ಕೇಳುವವರು ತಿಳಿದುಕೊಳ್ಳಬೇಕು. ಶಾಲೆಯ ದಾಖಲೆ ಇದ್ದವರು ಪಾರಾದರು. ಇಲ್ಲದವರು ಜಾತಕವನ್ನೋ ಹಿರಿಯರ ಹೇಳಿಕೆಯನ್ನೋ ಕೊಟ್ಟು, ಅದಕ್ಕೆ ತಗಲುವ ಷರತ್ತುಗಳನ್ನು ಒಪ್ಪಬೇಕಾಯಿತು. ಬಡವನಿಗೆ ಕಾಗದವಿಲ್ಲದಿರುವುದೂ ವಿಮೆಯ ಕಣ್ಣಿಗೆ ಒಂದು ಅಪಾಯವೇ.

ಕೆಲಸವೇ ಅಪಾಯವಾದಾಗ

ಮೈ ಗಟ್ಟಿಯಿದ್ದರೂ ಕೆಲಸ ಅಪಾಯದ್ದಾದರೆ ವಿಮೆಯ ಲೆಕ್ಕ ಬದಲಾಗುತ್ತದೆ. ಗಣಿ, ಸ್ಫೋಟಕ, ಎತ್ತರದ ಕೆಲಸ, ವಿಷಾನಿಲ ಇರುವ ಕಡೆ ದುಡಿಯುವವರಿಗೆ ವಿಮಾ ಮೊತ್ತದ ಪ್ರತಿ ಸಾವಿರಕ್ಕೆ ಇಷ್ಟೆಂದು ವೃತ್ತಿಯ ಹೆಚ್ಚುವರಿ ಕಂತು ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಸಿಡಿಮದ್ದು ಇಡುವವನಿಗೆ ಸಾವು ಒಂದು ಕ್ಷಣದಲ್ಲಿ ಬರಬಹುದು. ಕಲ್ಲಿನ ದೂಳು ಕುಡಿಯುವವನಿಗೆ ಅದು ವರ್ಷಗಟ್ಟಲೆ ಹಿಂದೆಯೇ ನಡೆದು ಬರುತ್ತದೆ. ಸಿಲಿಕಾ ಇರುವ ನವುರು ದೂಳು ಶ್ವಾಸಕೋಶದಲ್ಲಿ ಕುಳಿತು ತರುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. ಅದು ಕಾರ್ಖಾನೆ ಮತ್ತು ಗಣಿ ಕಾನೂನುಗಳೆರಡರ ಅಡಿಯಲ್ಲೂ ಗುರುತಿಸಲಾದ ವೃತ್ತಿರೋಗ. ಗ್ರಾನೈಟ್, ಮರಳುಗಲ್ಲಿಗೆ ಹೋಲಿಸಿದರೆ ಸುಣ್ಣಕಲ್ಲಿನಲ್ಲಿ ಸಿಲಿಕಾ ಕಡಿಮೆ ಎಂಬುದು ನಿಜ. ಆದರೆ ದಿನವಿಡೀ ಮೂಗಿಗೆ ಬಟ್ಟೆ ಕಟ್ಟಿ ಕಲ್ಲು ಕೊಯ್ಯುವವನ ಎದೆಗೆ ಇದರಿಂದ ದೊಡ್ಡ ಸಮಾಧಾನವೇನೂ ಸಿಗುವುದಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು 1920ರ ದಶಕದಲ್ಲಿ. 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆಯಿತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಜಶ್ರೀ, ಸೇಡಮ್ಮಿನಲ್ಲಿ ವಾಸವದತ್ತಾ ಸಿಮೆಂಟ್ ತಲೆಯೆತ್ತಿದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ಪಕ್ಕದಲ್ಲೇ ಚಿಮಣಿಗಳು ಎದ್ದವು. ಕಾರ್ಖಾನೆಯ ಕಾಯಂ ನೌಕರನಿಗೆ ವಿಮೆಯ ಬಾಗಿಲು ಸುಲಭವಾಗಿ ತೆರೆಯಿತು. ಸಂಬಳದಲ್ಲೇ ಕಂತು ಮುರಿದುಕೊಳ್ಳುವ ಯೋಜನೆ ನಿಗಮದ ಬಳಿ ಇತ್ತು. ಸಂಬಳದಾರನ ವಯಸ್ಸು ಸೇವಾ ಪುಸ್ತಕದಲ್ಲಿರುತ್ತದೆ, ಕಾಯಿಲೆ ಬಿದ್ದದ್ದು ರಜೆಯ ದಾಖಲೆಯಲ್ಲಿರುತ್ತದೆ. ಇಂಥವರಿಗೆ ಡಾಕ್ಟರ ಪರೀಕ್ಷೆಯಿಲ್ಲದೆಯೇ ವಿಮೆ ಕೊಡುವ ರೂಢಿಯೂ ಬೆಳೆಯಿತು. ಅದೇ ಕಾರ್ಖಾನೆಗೆ ಗುತ್ತೆಯ ಮೇಲೆ ಕಲ್ಲು ಒಡೆದು ಕೊಡುವವನಿಗೆ ಸೇವಾ ಪುಸ್ತಕವಿಲ್ಲ, ರಜೆ ಎಂಬುದೇ ಇಲ್ಲ. ಹೆಚ್ಚು ಅಪಾಯದಲ್ಲಿದ್ದವನೇ ವಿಮೆಯಿಂದ ಹೆಚ್ಚು ದೂರ ಉಳಿದ.

ಈ ಅಂತರ ಒಮ್ಮೆ ಸುಪ್ರೀಂ ಕೋರ್ಟಿನ ಕಟಕಟೆಗೂ ಬಂತು. ಕಡಿಮೆ ಕಂತಿಗೆ ದೊಡ್ಡ ರಕ್ಷಣೆ ಕೊಡುವ ಅವಧಿ ವಿಮೆಯೊಂದನ್ನು ಜೀವ ವಿಮಾ ನಿಗಮವು ಸರಕಾರಿ, ಅರೆಸರಕಾರಿ ಮತ್ತು ಹೆಸರುವಾಸಿ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಮೀಸಲಿಟ್ಟಿತ್ತು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಇದನ್ನು ಪ್ರಶ್ನಿಸಿತು. 1995ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಮತ್ತು ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ ಅವರ ಪೀಠ ಈ ನಿರ್ಬಂಧ ಸಂವಿಧಾನದ ಸಮಾನತೆಯ ಆಶಯಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಅಪಾಯವನ್ನು ಅಳೆಯುವುದು ವಿಮಾ ಸಂಸ್ಥೆಯ ಹಕ್ಕು, ಆದರೆ ಸಂಬಳದ ಚೀಟಿ ಇಲ್ಲವೆಂಬ ಒಂದೇ ಕಾರಣಕ್ಕೆ ದುಡಿಯುವ ಜನರನ್ನು ಹೊರಗಿಡುವುದು ಸಲ್ಲದು ಎಂಬುದು ಅದರ ತಿರುಳು. ಅದೇ 1995ರಲ್ಲಿ ಅಂಚೆ ಇಲಾಖೆ ಗ್ರಾಮೀಣ ಜನರಿಗೂ ಜೀವವಿಮೆ ಆರಂಭಿಸಿತು.

ಹೆಂಗಸರ ಜೀವಕ್ಕೆ ಮೂರು ದರ್ಜೆ

ಹೆರಿಗೆಯಲ್ಲಿ ಸಾವು ಸಾಮಾನ್ಯವಾಗಿದ್ದ ಕಾಲದಲ್ಲಿ ಕಂಪನಿಗಳು ಹೆಂಗಸರಿಗೆ ವಿಮೆ ಕೊಡಲು ಹಿಂಜರಿದವು. ಬೇರೆ ಯಾವ ಕಂಪನಿಯೂ ಮಹಿಳೆಯರ ಗೊಡವೆಗೆ ಹೋಗದ 1894ರಲ್ಲಿ ಅಂಚೆ ಜೀವವಿಮೆ ಇಲಾಖೆಯ ಮಹಿಳಾ ನೌಕರರಿಗೆ ಬಾಗಿಲು ತೆರೆದದ್ದು ಗಮನಾರ್ಹ. ಮುಂದೆ ಜೀವ ವಿಮಾ ನಿಗಮವೂ ಮಹಿಳೆಯರನ್ನು ಸ್ವಂತ ದುಡಿಮೆಯುಳ್ಳವರು, ಆಸ್ತಿಯಿಂದ ಆದಾಯವುಳ್ಳವರು, ಸ್ವಂತ ಆದಾಯವಿಲ್ಲದವರು ಎಂದು ಮೂರು ದರ್ಜೆ ಮಾಡಿತು. ಮೊದಲ ದರ್ಜೆಯವರಿಗೆ ಗಂಡಸರಷ್ಟೇ ಸವಲತ್ತು, ಕೊನೆಯವರಿಗೆ ಮೊತ್ತದ ಮಿತಿ, ಷರತ್ತು ಹೆಚ್ಚು. ಚಿಂಚೋಳಿಯ ತೊಗರಿ ಹೊಲದಲ್ಲಿ ನಸುಕಿನಿಂದ ಸಂಜೆಯವರೆಗೆ ದುಡಿಯುವ ಹೆಂಗಸಿಗೆ ಕೂಲಿ ಬರುತ್ತದೆ, ಆದರೆ ಕಾಗದದ ಮೇಲೆ ಆದಾಯ ತೋರಿಸಲಾಗದು. ದರ್ಜೆಯ ಲೆಕ್ಕದಲ್ಲಿ ಆಕೆ ‘ಆದಾಯವಿಲ್ಲದ ಗೃಹಿಣಿ’. ಗುಳೆ ಹೋದ ಗಂಡನ ಹಿಂದೆ ಇಡೀ ಸಂಸಾರದ ನೊಗ ಹೊತ್ತವಳ ಜೀವಕ್ಕೇ ಕಡಿಮೆ ಬೆಲೆ ಕಟ್ಟಿದಂತಾಯಿತು.

ನಿನ್ನೆಯ ನಿರಾಕರಣೆ, ಇಂದಿನ ಒಪ್ಪಿಗೆ

ಯಾವ ರೋಗಕ್ಕೆ ವಿಮೆ ಇಲ್ಲ ಎಂಬುದು ಶಾಶ್ವತ ಸತ್ಯವಲ್ಲ. ಅದು ಆಯಾ ಕಾಲದ ವೈದ್ಯದ ಮಟ್ಟವನ್ನು ಹೇಳುತ್ತದೆ ಅಷ್ಟೇ. ಇನ್ಸುಲಿನ್ ಬರುವ ಮುನ್ನ, ಅಂದರೆ 1922ಕ್ಕೆ ಮೊದಲು, ಎಳೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದವರು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಯಾವ ಕಂಪನಿಯೂ ಅವರ ಅರ್ಜಿ ಮುಟ್ಟುತ್ತಿರಲಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬರುವವರೆಗೆ ಕ್ಷಯಕ್ಕೂ ಇದೇ ಗತಿ. ಇಂದು ಕ್ಷಯದ ಚಿಕಿತ್ಸೆ ಮುಗಿಸಿ ಕೆಲ ಕಾಲ ಆರೋಗ್ಯವಾಗಿರುವವರಿಗೂ, ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಿಗೂ ವಿಮೆ ಸಿಗುವುದು ಅಪರೂಪವಲ್ಲ. ಕಂತು ಸ್ವಲ್ಪ ಹೆಚ್ಚಿರಬಹುದು.

ರಕ್ತದೊತ್ತಡದ ಕಥೆ ಇನ್ನೂ ಸ್ವಾರಸ್ಯಕರ. ರಕ್ತದೊತ್ತಡ ಅಳೆಯುವ ಪಟ್ಟಿ ಇನ್ನೂ ಹೊಸದಾಗಿದ್ದಾಗ ಅಮೆರಿಕದ ನಾರ್ತ್‌ವೆಸ್ಟರ್ನ್ ಮ್ಯೂಚುವಲ್ ವಿಮಾ ಕಂಪನಿಯ ವೈದ್ಯ ಜೆ.ಡಬ್ಲ್ಯು. ಫಿಶರ್ 1907ರ ಹೊತ್ತಿಗೇ ಅರ್ಜಿದಾರರ ಒತ್ತಡ ಅಳೆಸತೊಡಗಿದ್ದರು. ಹೊರನೋಟಕ್ಕೆ ಆರೋಗ್ಯವಂತರಾಗಿದ್ದವರಲ್ಲೂ ಒತ್ತಡ ಏರಿದ್ದರೆ ಆಯಸ್ಸು ಕಡಿಮೆ ಎಂಬುದನ್ನು ಜಗತ್ತಿಗೆ ತೋರಿಸುವಲ್ಲಿ ವಿಮಾ ಕಂಪನಿಗಳ ದಾಖಲೆಗಳ ಪಾತ್ರ ದೊಡ್ಡದು. ಕಂತು ನಿಗದಿಗೆ ಹುಟ್ಟಿದ ಲೆಕ್ಕ ವೈದ್ಯರಿಗೂ ಪಾಠವಾಯಿತು.

ಎಚ್‌ಐವಿ ಸೋಂಕಿತರಿಗೆ ಬಹುಕಾಲ ವಿಮೆಯ ಬಾಗಿಲು ಮುಚ್ಚಿತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು, ವಿಮಾ ಗಣಿತದ ಅಧ್ಯಯನದ ಆಧಾರವಿಲ್ಲದೆ ಸೋಂಕಿನ ಕಾರಣಕ್ಕೆ ವಿಮೆ ನಿರಾಕರಿಸುವುದನ್ನು ನಿಷೇಧಿಸಿತು. ಕೋವಿಡ್‌ನಿಂದ ದೇಶದಲ್ಲಿ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ಇದೇ ಕಲಬುರಗಿಯಲ್ಲಿ. ಆಗ ವಿಮಾ ಅರ್ಜಿಗಳಿಗೆ ಹೊಸದೊಂದು ಪ್ರಶ್ನಾವಳಿ ಅಂಟಿಕೊಂಡಿತು. ಸೋಂಕು ಬಂದು ಗುಣವಾದವರು ಕೆಲವು ವಾರ, ತಿಂಗಳು ಕಾಯಬೇಕಾಯಿತು. ಇಕ್ವಿಟಬಲ್ ಸೊಸೈಟಿ ಸಿಡುಬಿನ ಬಗ್ಗೆ ಕೇಳಿದ ಪ್ರಶ್ನೆ ಎರಡೂವರೆ ಶತಮಾನದ ಬಳಿಕ ಹೆಸರು ಬದಲಿಸಿಕೊಂಡು ಬಂದಂತೆ.

ಲೆಕ್ಕದ ಬುನಾದಿಯೂ ಬದಲಾಗುತ್ತ ಬಂದಿದೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ ಇದ್ದದ್ದು ಈಗ 70ರ ಆಸುಪಾಸಿಗೆ ಬಂದಿದೆ. ಓರಿಯಂಟಲ್ ಕಂಪನಿಯ 1925-35ರ ಅನುಭವದ ಕೋಷ್ಟಕದಿಂದ ಆರಂಭಿಸಿ, ನಿಗಮದ 1970-73, 1975-79, 1994-96ರ ಕೋಷ್ಟಕಗಳು, ಆಮೇಲೆ ಎಲ್ಲ ಕಂಪನಿಗಳ ಅನುಭವ ಸೇರಿಸಿದ 2006-08, 2012-14ರ ಕೋಷ್ಟಕಗಳು ಬಂದವು.

ಬರೆಯದೆ ಬಿಟ್ಟ ಒಂದು ಸಾಲು

ಇಷ್ಟೆಲ್ಲ ಬಾಗಿಲು ತೆರೆದರೂ ಹಳ್ಳಿಗಳಲ್ಲಿ ಒಂದು ಹಳೆಯ ಚಾಳಿ ಉಳಿದಿದೆ. ‘ಸಕ್ರಿ ಬ್ಯಾನಿ ಅದ ಅಂತ ಬರದ್ರ ಪಾಲಿಸಿ ಆಗಲ್ರೀ ಕಾಕಾ, ಸುಮ್ಮ ಸಹಿ ಮಾಡ್ರಿ’ ಎಂಬ ಧಾಟಿಯ ಮಾತು ಯಾರಿಗೂ ಹೊಸದಲ್ಲ. ಅರ್ಜಿಯ ಪ್ರಶ್ನೆಗಳಿಗೆಲ್ಲ ಸಾಲಾಗಿ ‘ಇಲ್ಲ, ಇಲ್ಲ’ ಎಂದು ಬೇರೆಯವರು ತುಂಬಿ, ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಬಿಟ್ಟರೆ ಅಂದಿನ ಕೆಲಸ ಮುಗಿಯಿತು. ಆದರೆ ವಿಮೆ ಪರಸ್ಪರ ಪೂರ್ಣ ನಂಬಿಕೆಯ ಒಪ್ಪಂದ. ಅರ್ಜಿದಾರನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವನೇ ಹೇಳಬೇಕು ಎಂಬುದು ಅದರ ಅಡಿಪಾಯ. ಪಾಲಿಸಿ ಮಾಡಿಸಿದ ಮೊದಲ ವರ್ಷಗಳಲ್ಲೇ ಸಾವು ಸಂಭವಿಸಿದರೆ ಕಂಪನಿ ತನಿಖೆ ಮಾಡುತ್ತದೆ. ಆಸ್ಪತ್ರೆಯ ಹಳೆಯ ಚೀಟಿ, ಔಷಧ ಅಂಗಡಿಯ ಬಿಲ್ಲು ಆಗ ಮಾತಾಡುತ್ತವೆ. ಉತ್ತರ ಹೇಳಬೇಕಾದವನು ಇರುವುದಿಲ್ಲ. ಶಿಕ್ಷೆ ಅನುಭವಿಸುವವಳು ಅವನ ಹೆಂಡತಿ.

1938ರ ವಿಮಾ ಕಾಯ್ದೆಯ 45ನೆಯ ಕಲಮು ಇದಕ್ಕೊಂದು ಗಡಿ ಹಾಕಿತು. ಎರಡು ವರ್ಷ ದಾಟಿದ ಪಾಲಿಸಿಯನ್ನು ಅರ್ಜಿಯಲ್ಲಿ ತಪ್ಪು ಹೇಳಿಕೆ ಇತ್ತು ಎಂಬ ಮಾತ್ರಕ್ಕೆ ಪ್ರಶ್ನಿಸುವಂತಿಲ್ಲ. ತಪ್ಪು ಮಹತ್ವದ್ದು, ತಿಳಿದೂ ತಿಳಿದೂ ಮೋಸದಿಂದ ಮಾಡಿದ್ದು ಎಂದು ಕಂಪನಿ ಸಾಬೀತು ಮಾಡಬೇಕು. 1962ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಸಿದ್ಧ ಪ್ರಕರಣವೊಂದರಲ್ಲಿ ಪಾಲಿಸಿದಾರ ರಕ್ತಹೀನತೆ, ಏದುಸಿರು ಮುಂತಾದವಕ್ಕೆ ಚಿಕಿತ್ಸೆ ಪಡೆದಿದ್ದರೂ ಯಾವ ಡಾಕ್ಟರನ್ನೂ ಕಂಡಿಲ್ಲವೆಂದು ಬರೆದಿದ್ದ. ಅಲ್ಲಿ ಗೆದ್ದದ್ದು ನಿಗಮ. ಇದಕ್ಕೆ ವ್ಯತಿರಿಕ್ತವಾಗಿ 2015ರ ಪ್ರಕರಣವೊಂದರಲ್ಲಿ ಪಾಲಿಸಿದಾರ ತನ್ನ ಬೆನ್ನುಮೂಳೆಯ ತೊಂದರೆ ಹೇಳಿರಲಿಲ್ಲ, ಸತ್ತದ್ದು ಹೃದಯದ ಕಾಯಿಲೆಯಿಂದ. ಸಾವಿಗೂ ಮುಚ್ಚಿಟ್ಟ ಸಂಗತಿಗೂ ಸಂಬಂಧವಿಲ್ಲವೆಂದು ಸುಪ್ರೀಂ ಕೋರ್ಟ್ ಕುಟುಂಬದ ಪರ ನಿಂತಿತು.

ಕಾನೂನೂ ಈಚೆಗೆ ಬದಲಾಗಿದೆ. 2015ರ ತಿದ್ದುಪಡಿಯ ಪ್ರಕಾರ ಪಾಲಿಸಿ ಶುರುವಾಗಿ, ಅಥವಾ ನಿಂತುಹೋಗಿ ಮರುಜೀವ ಪಡೆದು, ಮೂರು ವರ್ಷ ಕಳೆದರೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ವಯಸ್ಸಿನ ಪುರಾವೆ ಮಾತ್ರ ಯಾವಾಗ ಬೇಕಾದರೂ ಕೇಳಬಹುದು. ಮೂರು ವರ್ಷದೊಳಗೆ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಮೋಸವಲ್ಲದ, ಬರೀ ತಪ್ಪು ಹೇಳಿಕೆಯಾಗಿದ್ದರೆ ಕಟ್ಟಿದ ಕಂತುಗಳನ್ನು 90 ದಿನದೊಳಗೆ ಹಿಂತಿರುಗಿಸಬೇಕು. ವಿಮೆ ಮಾಡಿಸುವ ಏಜೆಂಟ್, ಒಪ್ಪಂದದ ಮಟ್ಟಿಗೆ, ಕಂಪನಿಯ ಪ್ರತಿನಿಧಿ ಎಂಬ ವಿವರಣೆಯನ್ನೂ ಇದೇ ಕಲಮಿಗೆ ಸೇರಿಸಲಾಗಿದೆ. ಆದರೆ ಮೋಸದ ಆರೋಪ ಬಂದಾಗ, ಪಾಲಿಸಿದಾರ ಬದುಕಿಲ್ಲದಿದ್ದರೆ, ಮೋಸವಿರಲಿಲ್ಲ ಎಂದು ತೋರಿಸುವ ಹೊರೆ ವಾರಸುದಾರರ ಮೇಲೆಯೇ ಇದೆ. ಗಂಡ ಏಜೆಂಟರಿಗೆ ಬಾಯಲ್ಲಿ ಏನು ಹೇಳಿದ್ದ ಎಂಬುದಕ್ಕೆ ಆಕೆ ಎಲ್ಲಿಂದ ಸಾಕ್ಷಿ ತರಬೇಕು?

ಅದಕ್ಕೇ ಬಾಯಲ್ಲಿ ಹೇಳಿದ್ದು ಸಾಲದು, ಅರ್ಜಿಯಲ್ಲಿ ಬರೆಸಬೇಕು. ಅರ್ಜಿಯ ಪ್ರತಿ ಪಡೆಯುವುದು ಪಾಲಿಸಿದಾರನ ಹಕ್ಕು. ಅದನ್ನು ಪಾಲಿಸಿಯ ಜೊತೆಗೇ ಟ್ರಂಕಿನಲ್ಲಿ ಇಡುವುದು ಜಾಣತನ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡವೆಂದು ಹಿಂದಿರುಗಿಸುವ ಅವಕಾಶ ಈಗಿದೆ. ಆ ದಿನಗಳಲ್ಲಿ ಓದು ಬಲ್ಲವರಿಂದ ಒಮ್ಮೆ ಓದಿಸಿದರೆ ತಪ್ಪು ಸಾಲು ಸಿಕ್ಕಿಬೀಳುತ್ತದೆ. ಕ್ಲೇಮು ತಿರಸ್ಕೃತವಾದರೆ ಕಂಪನಿಗೆ ದೂರು ಕೊಟ್ಟು, ಫಲ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಖರ್ಚಿಲ್ಲದೆ ಹೋಗಬಹುದು.

ಕೊನೆಗೆ ಬಂದ ಬಾಗಿಲು

ಡಾಕ್ಟರ ಪರೀಕ್ಷೆಯೇ ಇಲ್ಲದ ವಿಮೆಯೂ ಈಗ ಇದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳ 18ರಿಂದ 50 ವರ್ಷದವರು ಸೇರಬಹುದು. ವರ್ಷಕ್ಕೆ 330 ರೂಪಾಯಿ ಇದ್ದ ಕಂತು 2022ರ ಜೂನ್‌ನಿಂದ 436 ರೂಪಾಯಿ ಆಗಿದೆ. ಯಾವ ಕಾರಣದಿಂದ ಸಾವಾದರೂ 2 ಲಕ್ಷ ರೂಪಾಯಿ ಸಿಗುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ರೋಗಿ ಆರೋಗ್ಯವಂತ ಎಂಬ ಭೇದವಿಲ್ಲದೆ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಅಪಾಯವನ್ನು ಹಂಚಿಕೊಳ್ಳುವ ಉಪಾಯ ಇದು.

ಇದಕ್ಕಿಂತ ದೊಡ್ಡ ರಕ್ಷಣೆ ಬೇಕಾದವರಿಗೆ 2021ರ ಜನವರಿಯಿಂದ ಎಲ್ಲ ಜೀವವಿಮಾ ಕಂಪನಿಗಳೂ ‘ಸರಳ ಜೀವನ್ ಬಿಮಾ’ ಎಂಬ ಒಂದೇ ಮಾದರಿಯ ಅವಧಿ ವಿಮೆ ಮಾರಬೇಕೆಂದು ನಿಯಂತ್ರಣ ಪ್ರಾಧಿಕಾರ ಆದೇಶಿಸಿತು. 5 ಲಕ್ಷದಿಂದ 25 ಲಕ್ಷ ರೂಪಾಯಿವರೆಗಿನ ಈ ವಿಮೆಯ ನಿಯಮದಲ್ಲಿ ಒಂದು ಮಾತಿದೆ. ಲಿಂಗ, ವಾಸಸ್ಥಳ, ಪ್ರಯಾಣ, ವೃತ್ತಿ, ವಿದ್ಯಾರ್ಹತೆಗಳ ನಿರ್ಬಂಧವಿಲ್ಲದೆ ಇದನ್ನು ಕೊಡಬೇಕು ಎಂಬುದೇ ಆ ಮಾತು. ಆರೋಗ್ಯದ ಪ್ರಶ್ನೆಗಳು ಉಳಿದಿವೆ, ಕಂತು ಎಲ್ಲರ ಕೈಗೆ ಎಟಕುವಂತಿದೆ ಎಂದೂ ಹೇಳಲಾಗದು. ಆದರೂ ಓದಿಲ್ಲ, ಹಳ್ಳಿಯವನು, ಖಣಿಯಲ್ಲಿ ದುಡಿಯುವವನು ಎಂಬ ಕಾರಣಗಳು ನಿಯಮದ ಪುಸ್ತಕದಿಂದ ಹೊರಗೆ ಬಿದ್ದವು.

1818ರಲ್ಲಿ ಚರ್ಮದ ಬಣ್ಣ ನೋಡಿ ಶುರುವಾದ ಲೆಕ್ಕ ಇಲ್ಲಿಗೆ ಬಂದು ನಿಲ್ಲಲು ಎರಡು ಶತಮಾನ ಹಿಡಿಯಿತು. ಶಹಾಬಾದಿನ ಖಣಿಯಲ್ಲಿ ಕಲ್ಲು ಸೀಳುವವನು ಉಳಿ ಇಡುವ ಮುಂಚೆ ಸುತ್ತಿಗೆಯಿಂದ ಒಮ್ಮೆ ಬಡಿದು ಸದ್ದು ಕೇಳುತ್ತಾನೆ, ಒಳಗೆ ಬಿರುಕಿದ್ದರೆ ಸದ್ದು ಹೇಳುತ್ತದೆ. ಬಿರುಕಿನ ಕಲ್ಲನ್ನೂ ಅವನು ಎಸೆಯುವುದಿಲ್ಲ, ತಕ್ಕ ಜಾಗಕ್ಕೆ ಇಡುತ್ತಾನೆ. ವಿಮೆಯ ಅರ್ಜಿಯಲ್ಲಿ ಕೇಳುವ ಪ್ರಶ್ನೆಯೂ ಅಂಥದ್ದೇ ಒಂದು ಬಡಿತ. ಬಿರುಕಿದ್ದರೆ ಮೊದಲೇ ಹೇಳಿಬಿಟ್ಟವನ ಮನೆ ಮುಂದೆ ನೆಮ್ಮದಿಯಾಗಿರುತ್ತದೆ.